ದೂರದ ಹೊರೆ ಯಾರ ಹೆಗಲಿಗೆ?

ಪ್ರೀತಿಯ ಮಗಳೇ,

ಪಿಎಚ್‌.ಡಿ.ಗೆ ಸೀಟು ಸಿಕ್ಕಿದ ಸುದ್ದಿಯನ್ನು ನಿನ್ನಮ್ಮ ಹೇಳಿದಳು. ಮನಸ್ಸು ತುಂಬಿ ಬಂತು. ಮನುಷ್ಯರು ಕಂಪ್ಯೂಟರಿನೊಡನೆ ಹೇಗೆ ವ್ಯವಹರಿಸುತ್ತಾರೆ ಎಂಬುದನ್ನು ಓದುವ ಎಚ್‌ಸಿಐ ನಿನ್ನ ಶಾಖೆ. ಅದರೊಳಗೂ ಬೇರೆ ಬೇರೆ ಊರುಗಳಲ್ಲಿ ಕುಳಿತವರು ಪರದೆಯ ಮೂಲಕ ಕೂಡಿ ಕೆಲಸ ಮಾಡುವ ಬಗೆಯೇ ನಿನ್ನ ವಿಷಯ ಎಂದು ಕೇಳಿದೆ. ಮನೆಯಲ್ಲಿ ಕೆಲವರು, "ಅಷ್ಟು ಚೆನ್ನಾಗಿ ಪ್ರೋಗ್ರಾಮಿಂಗ್ ಬರುವ ಹುಡುಗಿ ಇದೇನು ಓದಲು ಹೊರಟಿದ್ದಾಳೆ? ಇದು ಕಂಪ್ಯೂಟರೋ, ಮನಶ್ಶಾಸ್ತ್ರವೋ, ಸಮಾಜಶಾಸ್ತ್ರವೋ?" ಎಂದು ಕೇಳುತ್ತಿದ್ದಾರಂತೆ. ಅಳುಕದೆ "ಮೂರೂ ಹೌದು" ಎಂದುಬಿಡು. ಮೂರನ್ನೂ ಕಲಿಯದೆ ಈ ವಿಷಯ ಯಾರಿಗೂ ಒಲಿದಿಲ್ಲ.

ಇಷ್ಟು ವರ್ಷ ಈ ವಿದ್ಯೆಯನ್ನು ಓದುತ್ತ, ಹುಡುಗರಿಗೆ ಹೇಳಿಕೊಡುತ್ತ ಬಂದ ಮೇಲೆ ನನಗೆ ಖಚಿತವಾಗಿರುವ ಒಂದು ಮಾತನ್ನು ನಿನಗೆ ಹೇಳಬೇಕು. ತಂತ್ರಜ್ಞಾನ ದೂರವನ್ನು ಅಳಿಸಿತು ಎಂದು ಜಾಹೀರಾತುಗಳು ಹೇಳುತ್ತವೆ. ದೂರ ಅಳಿಯುವುದಿಲ್ಲ ಮಗೂ. ಒಬ್ಬರ ಹೆಗಲಿನಿಂದ ಇಳಿದ ಹೊರೆ ಇನ್ನೊಬ್ಬರ ಹೆಗಲಿಗೆ ಏರಿರುತ್ತದೆ. ಆ ಹೊರೆ ಈಗ ಯಾರ ಮೇಲಿದೆ ಎಂದು ಪ್ರತಿ ಹೆಜ್ಜೆಯಲ್ಲೂ ಕೇಳುವುದೇ ನಿನ್ನ ಓದಿನ ತಿರುಳಾಗಲಿ. ಉಳಿದದ್ದನ್ನೆಲ್ಲ ಈ ಒಂದು ಮಾತಿಗೆ ಹೊಂದಿಸಿಯೇ ಹೇಳುತ್ತೇನೆ.

ಮೊದಲು ಹಳೆಯದನ್ನು ಓದು. ಹೊಸ ಪೇಪರುಗಳು ತಾವಾಗಿಯೇ ನಿನ್ನ ಮೇಜಿಗೆ ಬರುತ್ತವೆ, ಹಳೆಯದನ್ನು ನೀನೇ ಹುಡುಕಿಕೊಂಡು ಹೋಗಬೇಕು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಸುಮಾರು ಒಂದು ಸಾವಿರ ಜನರೆದುರು 90 ನಿಮಿಷಗಳ ಪ್ರಾತ್ಯಕ್ಷಿಕೆ ಕೊಟ್ಟರು. ಕೈಯಲ್ಲಿ ಅವರದೇ ಮೌಸ್ ಇತ್ತು. ಸುಮಾರು 48 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕಿನ ಪ್ರಯೋಗಾಲಯದಲ್ಲಿದ್ದ ಸಹೋದ್ಯೋಗಿಯ ಮುಖ ಪರದೆಯ ಒಂದು ಮೂಲೆಯಲ್ಲಿ ಕಾಣುತ್ತಿತ್ತು. ಇಬ್ಬರೂ ಒಂದೇ ಬರಹವನ್ನು ನೋಡುತ್ತ, ಮಾತನಾಡುತ್ತ ಕೆಲಸ ಮಾಡಿದರು. ನಾವು ಇಂದು ನಿತ್ಯ ಮಾಡುವ ಆನ್‌ಲೈನ್ ಮೀಟಿಂಗಿನ ರೂಪರೇಖೆ ಅಂದೇ ಸಿದ್ಧವಾಗಿತ್ತು.

ಆದರೆ ಎಂಗೆಲ್‌ಬಾರ್ಟ್ 1962ರಲ್ಲಿ ಬರೆದಿಟ್ಟ ವರದಿಯನ್ನು ಓದಿದರೆ ಅವರ ಆಸೆ ಮೌಸಿಗಿಂತ ಬಹಳ ದೊಡ್ಡದು ಎಂದು ತಿಳಿಯುತ್ತದೆ. ಜಗತ್ತಿನ ಸಮಸ್ಯೆಗಳು ಜಟಿಲವಾಗುತ್ತಿವೆ, ಅವುಗಳನ್ನು ಬಿಡಿಸಲು ಜನ ಕೂಡಿ ಯೋಚಿಸುವ ಶಕ್ತಿಯೇ ಹೆಚ್ಚಬೇಕು ಎಂಬುದು ಅವರ ಚಿಂತೆ. ಲೋಕ ಮೌಸನ್ನು ಎತ್ತಿಕೊಂಡಿತು, ಆ ಚಿಂತೆಯನ್ನು ಅಲ್ಲೇ ಬಿಟ್ಟಿತು. ಹೀಗೆ ಬಿಟ್ಟುಹೋದದ್ದನ್ನು ಮತ್ತೆ ಎತ್ತಿಕೊಳ್ಳುವುದಕ್ಕಾಗಿಯೇ ಹಳೆಯ ಬರಹಗಳನ್ನು ಓದಬೇಕು. 1984ರಲ್ಲಿ ಐರೀನ್ ಗ್ರೈಫ್ ಮತ್ತು ಪಾಲ್ ಕ್ಯಾಶ್‌ಮನ್ ಬೇರೆ ಬೇರೆ ಶಾಸ್ತ್ರದವರನ್ನು ಒಂದು ಕಮ್ಮಟಕ್ಕೆ ಸೇರಿಸಿ, ಕಂಪ್ಯೂಟರ್ ನೆರವಿನ ಸಹಕಾರಿ ಕೆಲಸವೆಂಬ ಅಧ್ಯಯನಕ್ಕೆ ಸಿಎಸ್‌ಸಿಡಬ್ಲ್ಯು ಎಂಬ ಹೆಸರಿಟ್ಟರು. ಎರಡು ವರ್ಷಗಳ ನಂತರ, 1986ರಲ್ಲಿ, ಟೆಕ್ಸಾಸಿನ ಆಸ್ಟಿನ್‌ನಲ್ಲಿ ಅದರ ಮೊದಲ ಸಮ್ಮೇಳನ ನಡೆಯಿತು. ನೀನು ಕಾಲಿಡುತ್ತಿರುವುದು ಆ ಪರಂಪರೆಯೊಳಗೆ. ನಿನ್ನ ಪ್ರಶ್ನೆಯನ್ನು ಮೂವತ್ತು ವರ್ಷ ಹಿಂದೆ ಯಾರಾದರೂ ಕೇಳಿದ್ದರೆ ನಿರಾಶಳಾಗಬೇಡ. ಅವರು ಎಲ್ಲಿ ನಿಂತರು, ಏಕೆ ನಿಂತರು ಎಂದು ನೋಡು. ನಿನ್ನ ದಾರಿ ಅಲ್ಲಿಂದ ಮುಂದಕ್ಕೆ.

ಇನ್ನು ಸಂಶೋಧನೆಯ ಪ್ರಶ್ನೆಯನ್ನು ಆರಿಸಿಕೊಳ್ಳುವ ಮಾತು. ಯಾವ ಹೊಸ ಉಪಕರಣ ಬಂದಿದೆ ಎಂದು ನೋಡಿ ಪ್ರಶ್ನೆ ಹುಟ್ಟಿಸಬೇಡ. ತಲೆಗೆ ಧರಿಸುವ ವರ್ಚುವಲ್ ರಿಯಾಲಿಟಿ ಸಾಧನವನ್ನು ಇವಾನ್ ಸದರ್‌ಲ್ಯಾಂಡ್ ಮಾಡಿ ತೋರಿಸಿದ್ದು ಎಂಗೆಲ್‌ಬಾರ್ಟ್ ಪ್ರಾತ್ಯಕ್ಷಿಕೆ ಕೊಟ್ಟ 1968ರಲ್ಲೇ. ಅದರ ಭಾರಕ್ಕೆ ಅದನ್ನು ಚಾವಣಿಯಿಂದ ತೂಗುಹಾಕಬೇಕಾಗಿತ್ತು. ಅಂದಿನಿಂದ ಆ ಉಪಕರಣದ ಮೇಲಿನ ಉತ್ಸಾಹ ಎಷ್ಟೋ ಸಲ ಉಕ್ಕಿ ಇಳಿದಿದೆ. ನಿನ್ನ ಥೀಸಿಸ್ ಮುಗಿಯಲು ಐದಾರು ವರ್ಷ ಬೇಕು, ಅಷ್ಟರಲ್ಲಿ ಇಂದಿನ ಹೆಡ್‌ಸೆಟ್ ಅಂಗಡಿಯಿಂದ ಮಾಯವಾಗಿರಬಹುದು. ಜನರ ಕಷ್ಟದಿಂದ ಹುಟ್ಟಿದ ಪ್ರಶ್ನೆ ಅಷ್ಟು ಬೇಗ ಹಳತಾಗುವುದಿಲ್ಲ.

ಅಂಥ ಒಂದು ಪ್ರಶ್ನೆ ನಮ್ಮ ಹತ್ತಿರವೇ ಇದೆ. ಬೆಂಗಳೂರು, ಮೈಸೂರಿನ ಎಷ್ಟೋ ಸಂಗೀತದ ಮೇಷ್ಟರುಗಳು ಕ್ಯಾಲಿಫೋರ್ನಿಯದ ಮಕ್ಕಳಿಗೆ ವಿಡಿಯೊ ಕರೆಯಲ್ಲಿ ಪಾಠ ಹೇಳುತ್ತಾರೆ. ಒಂದು ವರ್ಣವನ್ನು ಗುರುಶಿಷ್ಯರು ಒಟ್ಟಿಗೆ ಹಾಡಲು ಹೊರಟರೆ ತಾಳ ತಪ್ಪುತ್ತದೆ. ಇಂಟರ್ನೆಟ್ ಸರಿಯಿಲ್ಲ ಎಂದು ಮನೆಯವರು ಬೈದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡು. ಗಾಜಿನ ಎಳೆಯೊಳಗೆ ಬೆಳಕು ಸಾಗುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿಲೋಮೀಟರ್. ಕೇಬಲ್ ನೆಟ್ಟಗೆ ಹೋದರೂ ದನಿ ಅತ್ತ ಮುಟ್ಟಲು 70 ಮಿಲಿಸೆಕೆಂಡ್, ಮರುದನಿ ಇತ್ತ ಬರಲು ಮತ್ತೆ 70. ಸಂಗೀತಗಾರರ ನಡುವಿನ ವಿಳಂಬ ಸುಮಾರು 25–30 ಮಿಲಿಸೆಕೆಂಡ್ ದಾಟಿದರೆ ಲಯ ಜಾರತೊಡಗುತ್ತದೆ. ಎಂಥ ಒಳ್ಳೆಯ ಸಾಫ್ಟ್‌ವೇರ್ ಬಂದರೂ ಬೆಳಕಿನ ವೇಗವನ್ನು ಮೀರಲಾರದು.

ಹಾಗಾದರೆ ಪಾಠ ನಡೆಯುತ್ತಿರುವುದು ಹೇಗೆ? ಗುರುಗಳು ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ಶಿಷ್ಯೆ ತನ್ನ ಕಡೆ ಶ್ರುತಿ ಇಟ್ಟುಕೊಂಡು, ತಾನೇ ತಾಳ ಹಾಕಿಕೊಂಡು ಒಪ್ಪಿಸುತ್ತಾಳೆ. ಗುರುಗಳು ಪೂರ್ತಿ ಕೇಳಿದ ಮೇಲೆ ತಿದ್ದುತ್ತಾರೆ. ಯಾರೂ ಹೇಳಿಕೊಡದೆ ಅವರೇ ಕಂಡುಕೊಂಡ ವಿನ್ಯಾಸ ಅದು. ಇಲ್ಲಿ ತಾಳದ ಹೊಣೆ ಪೂರ್ತಿಯಾಗಿ ಮಗುವಿನ ಮೇಲೆ ಬಿತ್ತು. ಅದರಿಂದ ಮಗುವಿನ ಲಯಜ್ಞಾನ ಗಟ್ಟಿಯಾಯಿತೇ, ಸಡಿಲಾಯಿತೇ? ಎದುರು ಕುಳಿತಿದ್ದರೆ ಗುರುಗಳು ಅರ್ಧ ಸಾಲಿನಲ್ಲೇ ತಡೆದು ತಿದ್ದುತ್ತಿದ್ದರಲ್ಲ, ಆ ತಡೆ ಇಲ್ಲದ್ದರಿಂದ ಏನಾಯಿತು? ಇವು ನಿಜವಾದ ಸಂಶೋಧನೆಯ ಪ್ರಶ್ನೆಗಳು. ಜಿಮ್ ಹಾಲನ್ ಮತ್ತು ಸ್ಕಾಟ್ ಸ್ಟಾರ್ನೆಟ್ಟ 1992ರಲ್ಲೇ ಒಂದು ಪೇಪರಿನಲ್ಲಿ ವಾದಿಸಿದ್ದರು: ಎದುರುಬದುರು ಕುಳಿತದ್ದನ್ನು ಅನುಕರಿಸುವುದೇ ಗುರಿಯಾದರೆ ದೂರದವರು ಎಂದೆಂದಿಗೂ ಎರಡನೆಯ ದರ್ಜೆಯವರಾಗಿಯೇ ಉಳಿಯುತ್ತಾರೆ, ದೂರದಲ್ಲಿದ್ದಾಗ ಮಾತ್ರ ಸಾಧ್ಯವಾಗುವಂಥದ್ದನ್ನು ಹುಡುಕಿ. ಆ ಪೇಪರನ್ನು ಮೊದಲ ತಿಂಗಳಲ್ಲೇ ಓದು.

ಬೆಳಕಿನ ವೇಗ ತಂದಿಡುವ ದೂರ ಒಂದು, ಒಡನಾಟದ ದೂರ ಇನ್ನೊಂದು. ಎಂಐಟಿಯ ಥಾಮಸ್ ಅಲೆನ್ 1977ರ ತಮ್ಮ ಪುಸ್ತಕದಲ್ಲಿ, ಎಂಜಿನಿಯರುಗಳ ಮೇಜುಗಳ ನಡುವೆ ಸುಮಾರು 50 ಮೀಟರ್ ಅಂತರವಾದರೆ ಸಾಕು, ವಾರಕ್ಕೊಮ್ಮೆಯ ಮಾತುಕತೆಯೂ ಅಪರೂಪವಾಗುತ್ತದೆ ಎಂದು ತೋರಿಸಿದರು. 2000ದಲ್ಲಿ ಗ್ಯಾರಿ ಓಲ್ಸನ್ ಮತ್ತು ಜುಡಿತ್ ಓಲ್ಸನ್ ದಂಪತಿ ದೂರದ ತಂಡಗಳ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನಾಲ್ಕು ಸಂಗತಿಗಳನ್ನು ಹೇಳಿದರು: ಇಬ್ಬರಿಗೂ ತಿಳಿದಿರುವ ಸಮಾನ ನೆಲೆ, ಕೆಲಸದ ಭಾಗಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ ಎಂಬುದು, ಕೂಡಿ ದುಡಿಯುವ ಮನಸ್ಸು, ಆ ಉಪಕರಣಗಳನ್ನು ಬಳಸುವ ರೂಢಿ. ಈ ನಾಲ್ಕರಲ್ಲಿ ಮೂರು ಕಂಪ್ಯೂಟರಿಗೆ ಹೊರಗಿನವು. 2020ರಲ್ಲಿ ಕೋವಿಡ್ ಬಂದು ಎಲ್ಲರೂ ಮನೆಯಿಂದ ಕೆಲಸ ಮಾಡಿದಾಗ, ಮೈಕ್ರೊಸಾಫ್ಟ್ ಕಂಪನಿಯ ಸಂಶೋಧಕರು ಅಮೆರಿಕದ ತಮ್ಮ 61,182 ನೌಕರರ ಆರು ತಿಂಗಳ ಸಂಪರ್ಕಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದರು. ತಂಡದೊಳಗಿನ ನಂಟು ಬಿಗಿಯಾಗಿತ್ತು, ತಂಡದಿಂದ ತಂಡಕ್ಕೆ ಇದ್ದ ಸೇತುವೆಗಳು ಕಡಿಮೆಯಾಗಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನನ್ನು ನೆನೆಸಿಕೊ. ಹಳಬರಿಗೆ ಹಳೆಯ ಪರಿಚಯವಿದೆ. ಅವನಿಗೆ ಸೇತುವೆಯೇ ಇಲ್ಲದಿದ್ದರೆ ದೂರದ ಬೆಲೆ ತೆರುವವನು ಅವನೇ ತಾನೆ?

ಈ ಬೆಲೆಯ ಮಾತನ್ನು ನಿನ್ನ ಶಾಸ್ತ್ರದಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ಜೊನಾಥನ್ ಗ್ರುಡಿನ್. ಕೂಡಿ ಕೆಲಸ ಮಾಡುವ ಸಾಫ್ಟ್‌ವೇರುಗಳು ಏಕೆ ಸೋಲುತ್ತವೆ ಎಂದು ಅವರು 1988ರಲ್ಲಿ ಬರೆದರು. ಕಚೇರಿಯ ಸಾಮೂಹಿಕ ಕ್ಯಾಲೆಂಡರನ್ನು ಉದಾಹರಣೆಗೆ ತೆಗೆದುಕೊ. ತಮ್ಮ ದಿನಚರಿಯನ್ನು ತಪ್ಪದೆ ತುಂಬಬೇಕಾದವರು ಎಲ್ಲ ನೌಕರರು. ಅದರಿಂದ ಸುಲಭವಾಗಿ ಮೀಟಿಂಗ್ ಕರೆಯುವವರು ಮೇಲಿನವರು. ದುಡಿಮೆ ಒಬ್ಬರದು, ಲಾಭ ಇನ್ನೊಬ್ಬರದು ಆದಲ್ಲಿ ಜನ ಆ ಸಾಫ್ಟ್‌ವೇರನ್ನು ಮೆಲ್ಲಗೆ ಕೈಬಿಡುತ್ತಾರೆ. ಕೈಬಿಡುವ ಸ್ವಾತಂತ್ರ್ಯ ಇಲ್ಲದವರು ಹೊರೆಯನ್ನು ಹೊರುತ್ತಾರೆ. ನಮ್ಮ ಬೆಂಗಳೂರನ್ನೇ ನೋಡು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅವರ ಬೆಳಗಿನ 9 ಗಂಟೆಯ ಮೀಟಿಂಗ್ ನಮಗೆ ರಾತ್ರಿ ಒಂಬತ್ತೂವರೆ. ಚಳಿಗಾಲದಲ್ಲಿ ಅವರು ಗಡಿಯಾರ ತಿರುಗಿಸಿದರೆ ಹತ್ತೂವರೆ. ಅವರು ತಿರುಗಿಸುವುದು ಗಡಿಯಾರದ ಮುಳ್ಳನ್ನು, ಇಲ್ಲಿ ತಿರುಗುವುದು ಒಬ್ಬ ತಾಯಿ ಮಗುವನ್ನು ಮಲಗಿಸುವ ಹೊತ್ತು. ಮೀಟಿಂಗಿನ ದಾಖಲೆಯಲ್ಲಿ ಇದು ಎಲ್ಲೂ ಕಾಣುವುದಿಲ್ಲ. ಅದನ್ನು ಕಾಣಿಸುವುದು ನಿನ್ನ ಕೆಲಸ.

ಕಾಣಿಸಬೇಕಾದರೆ ಮೊದಲು ನೀನು ಕಾಣಬೇಕು. ಕೋಡ್ ಬರೆಯುವ ಮೊದಲು ಹೋಗಿ ಕುಳಿತು ನೋಡು. ಲಂಡನ್ ಸುರಂಗ ರೈಲಿನ ಬೇಕರ್‌ಲೂ ಮಾರ್ಗದ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ ಮಾಡಿದ ಅಧ್ಯಯನ 1992ರಲ್ಲಿ ಪ್ರಕಟವಾಯಿತು. ಅಲ್ಲಿ ನಿಯಂತ್ರಕರು ಚಾಲಕರೊಡನೆ ಫೋನಿನಲ್ಲಿ ಮಾತಾಡುತ್ತಿದ್ದರೆ, ಪಕ್ಕದಲ್ಲಿದ್ದ ಸಹೋದ್ಯೋಗಿ ಆ ಮಾತು ಕಿವಿಗೆ ಬಿದ್ದೊಡನೆ ಪ್ರಯಾಣಿಕರಿಗೆ ಪ್ರಕಟಣೆ ಕೊಡುತ್ತಿದ್ದರು. ಹೀಗೆ ಮಾಡು ಎಂದು ಯಾರೂ ಹೇಳುತ್ತಿರಲಿಲ್ಲ. ವೇಳಾಪಟ್ಟಿ ಬದಲಿಸುವಾಗ ನಿಯಂತ್ರಕರು ತಮಗೆ ತಾವೇ ಎನ್ನುವಂತೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು, ಪಕ್ಕದವರಿಗೆ ಕೇಳಲಿ ಎಂದು. ಅಲ್ಲಿ ಕೆಲಸ ಮಾಡುವವರನ್ನು ಕೇಳಿದ್ದರೆ ಬಹುಶಃ ಇದನ್ನು ಹೇಳುತ್ತಿರಲಿಲ್ಲ, ಅಷ್ಟು ಸಹಜವಾಗಿತ್ತು ಅದು. ನಿಯಂತ್ರಕ ಮತ್ತು ಪಕ್ಕದ ಸಹೋದ್ಯೋಗಿ, ಈ ಇಬ್ಬರನ್ನು ಎರಡು ಕೋಣೆಗಳಲ್ಲಿ ಕೂರಿಸಿ ನಡುವೆ ಅತ್ಯುತ್ತಮ ಸಂದೇಶ ವ್ಯವಸ್ಥೆ ಕೊಟ್ಟರೂ ಆ ಕಿವಿಯ ಜಾಣ್ಮೆ ಮುರಿದುಬೀಳುತ್ತದೆ. ಅದಕ್ಕೂ ಮೊದಲು ಮಾನವಶಾಸ್ತ್ರ ಓದಿದ ಲೂಸಿ ಸುಚ್‌ಮನ್, ಜೆರಾಕ್ಸ್ ಸಂಸ್ಥೆಯಲ್ಲಿ ನಕಲು ಯಂತ್ರದ ಮುಂದೆ ಜನ ತಡವರಿಸುವುದನ್ನು ವಿಡಿಯೊದಲ್ಲಿ ಹಿಡಿದು ಅಧ್ಯಯನ ಮಾಡಿದ್ದರು. ಹೆಸರಾಂತ ಕಂಪ್ಯೂಟರ್ ವಿಜ್ಞಾನಿಗಳೇ ಅಲ್ಲಿ ಸಿಕ್ಕಿಬಿದ್ದಿದ್ದರು. ಬಳಸುವವರು ದಡ್ಡರು ಎಂಬ ಮಾತಿಗೆ ಅಲ್ಲಿಂದ ಮುಂದೆ ನೆಲೆ ಇಲ್ಲದಾಯಿತು. ಸುಚ್‌ಮನ್ ಅವರ 1987ರ ಪುಸ್ತಕ ಕಷ್ಟದ ಓದು. ಗೆಳೆಯರೊಡನೆ ಕೂತು ಓದು.

ನಮ್ಮ ನೆಲದಲ್ಲೂ ಇಂಥ ನೋಟದಿಂದ ಹುಟ್ಟಿದ ಕೆಲಸವಿದೆ. ಬೆಂಗಳೂರಿನಲ್ಲಿ 2005ರಲ್ಲಿ ಶುರುವಾದ ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾದ ಉದಯ್ ಪವಾರ್, ಜಯೋಜೀತ್ ಪಾಲ್, ಕೆಂಟಾರೊ ಟೊಯಾಮ ಹಳ್ಳಿಯ ಶಾಲೆಗಳಲ್ಲಿ ಒಂದೇ ಕಂಪ್ಯೂಟರಿಗೆ ಮಕ್ಕಳ ಗುಂಪು ಮುತ್ತಿಕೊಳ್ಳುವುದನ್ನು, ಮೌಸ್ ಮಾತ್ರ ಜೋರಾದ ಒಬ್ಬ ಮಗುವಿನ ಕೈಯಲ್ಲೇ ಉಳಿಯುವುದನ್ನು ಕಂಡರು. ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪ್ರತಿ ಮಗುವಿಗೂ ಬೇರೆ ಬಣ್ಣದ ಗುರುತು ಕೊಟ್ಟರು. ಹಿಂದೆ ನಿಂತು ಇಣುಕುತ್ತಿದ್ದ ಮಗುವಿಗೂ ಆಟದಲ್ಲಿ ಪಾಲು ಸಿಕ್ಕಿತು. ಇಂದ್ರಾಣಿ ಮೇಧಿ ಬೆಂಗಳೂರಿನ ಕೊಳೆಗೇರಿಗಳ ಮನೆಗೆಲಸದ ಹೆಂಗಸರೊಡನೆ ಕೂತು, ಓದುಬರಹ ಬಾರದವರೂ ಕೆಲಸ ಹುಡುಕಿಕೊಳ್ಳಬಲ್ಲಂತೆ ಚಿತ್ರ ಮತ್ತು ದನಿಯ ಪರದೆಗಳನ್ನು ರೂಪಿಸಿದರು. ಹಾಗೆಯೇ ಟೊಯಾಮ ಆಮೇಲೆ 2015ರ ಪುಸ್ತಕದಲ್ಲಿ ಹೇಳಿದ ಎಚ್ಚರದ ಮಾತನ್ನೂ ಮರೆಯಬೇಡ. ತಂತ್ರಜ್ಞಾನ ಅಲ್ಲಿ ಈಗಾಗಲೇ ಇರುವ ಶಕ್ತಿಯನ್ನು ಹಿಗ್ಗಿಸುತ್ತದೆ. ಒಳ್ಳೆಯ ಮೇಷ್ಟರಿಲ್ಲದ ಶಾಲೆಗೆ ಒಳ್ಳೆಯ ಉಪಕರಣ ಮೇಷ್ಟರಾಗುವುದಿಲ್ಲ.

ಅಧ್ಯಯನದ ರೀತಿನೀತಿಯ ಬಗ್ಗೆ ಎರಡು ಮಾತು. ಅಂಕಿಅಂಶ ಚೆನ್ನಾಗಿ ಕಲಿ, ಸಂದರ್ಶನದ ಕಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಕಲಿ. ಎಷ್ಟು ಜನ ಎಡವಿದರು ಎಂದು ಅಂಕಿ ಹೇಳುತ್ತದೆ, ಏಕೆ ಎಡವಿದರು ಎಂಬುದಕ್ಕೆ ಅವರ ಬಾಯನ್ನೇ ಕೇಳಬೇಕು. ಹಾಸ್ಟೆಲಿನ ಗೆಳೆಯರ ಮೇಲೆ ಪ್ರಯೋಗ ಮಾಡಿ "ಬಳಕೆದಾರರು" ಎಂದು ಬರೆಯುವುದು ಸುಲಭ. ಸುಲಭವೆಂದೇ ಅದನ್ನು ಮಾಡಬೇಡ. ನಿನ್ನ ಅಧ್ಯಯನಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಒಂದು ಗಂಟೆ ಕೊಟ್ಟರೆ, ಆ ಗಂಟೆಯ ಗಳಿಕೆಯನ್ನೋ ಮನೆಭೇಟಿಯನ್ನೋ ಅವರು ಬಿಟ್ಟು ಬಂದಿರುತ್ತಾರೆ. ತಕ್ಕ ಹಣ ಕೊಡು. ಒಪ್ಪಿಗೆ ಪತ್ರವನ್ನು ಅವರ ಕನ್ನಡದಲ್ಲಿ ಓದಿ ಹೇಳು, "ಬೇಡ" ಎನ್ನಲು ಅವರಿಗೆ ಸಂಕೋಚವಾಗದಂತೆ ಕೇಳು. ಕೆಲಸ ಮುಗಿದ ಮೇಲೆ ಹಿಂದಿರುಗಿ ಹೋಗಿ, ಏನು ತಿಳಿಯಿತು ಎಂದು ಅವರಿಗೂ ಹೇಳು. ಇದನ್ನು ಮಾಡದಿದ್ದರೂ ಪಿಎಚ್‌.ಡಿ. ಸಿಗುತ್ತದೆ. ಆದರೆ ಹೊರೆ ಯಾರ ಮೇಲೆ ಎಂದು ಕೇಳುವವಳು ತಾನೇ ಇನ್ನೊಬ್ಬರ ಮೇಲೆ ಹೊರೆ ಹಾಕಿ ಬರಬಾರದು.

ಇದೇ ಮಾತು ಲ್ಯಾಬಿನೊಳಗೂ ಸಲ್ಲುತ್ತದೆ. ಕೂಡಿ ಕೆಲಸ ಮಾಡುವುದನ್ನು ಓದುವವಳಿಗೆ ಕೂಡಿ ಕೆಲಸ ಮಾಡಲು ಬರಬೇಕು. ಪೇಪರಿನಲ್ಲಿ ಯಾರ ಹೆಸರು ಎಲ್ಲಿ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬಾಯಿಬಿಟ್ಟು ಮಾತಾಡಿಕೊ. ಸಂದರ್ಶನಗಳನ್ನು ಅಕ್ಷರಕ್ಕಿಳಿಸಿದ ಜೂನಿಯರ್ ಹುಡುಗನ ಹೆಸರು ಬಿಟ್ಟುಹೋಗದಿರಲಿ. ಗೈಡನ್ನು ಆರಿಸುವಾಗ ಅವರ ಪ್ರಶಸ್ತಿಗಳ ಪಟ್ಟಿಯ ಜೊತೆಗೆ ಅವರ ಹಳೆಯ ವಿದ್ಯಾರ್ಥಿಗಳನ್ನೂ ಕೇಳು: ಎಷ್ಟು ದಿನಕ್ಕೊಮ್ಮೆ ಸಿಗುತ್ತಾರೆ, ಬರಹವನ್ನು ಓದಿ ಕೊಡುತ್ತಾರೆಯೇ, ವಿದ್ಯಾರ್ಥಿಗೆ ಕಾಯಿಲೆಯಾದಾಗ ಹೇಗೆ ನಡೆದುಕೊಂಡರು? ಪ್ರತಿ ಭೇಟಿಯ ನಂತರ ಏನು ತೀರ್ಮಾನವಾಯಿತು ಎಂದು ನಾಲ್ಕು ಸಾಲು ಬರೆದು ಅವರಿಗೆ ಕಳಿಸು. ಓಲ್ಸನ್ ದಂಪತಿ ಹೇಳಿದ ಸಮಾನ ನೆಲೆ ಕಟ್ಟುವುದು ಹೀಗೆಯೇ.

ಪೇಪರುಗಳು ತಿರಸ್ಕೃತವಾಗುತ್ತವೆ, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊ. ನಿನ್ನ ಶಾಖೆಯ ದೊಡ್ಡ ಸಮ್ಮೇಳನವಾದ 'ಸಿಎಚ್‌ಐ'ಗೆ ಬರುವ ಪೂರ್ಣ ಪೇಪರುಗಳಲ್ಲಿ ಸಾಮಾನ್ಯವಾಗಿ ನಾಲ್ಕರಲ್ಲಿ ಸುಮಾರು ಒಂದು ಮಾತ್ರ ಗೆಲ್ಲುತ್ತದೆ. ರಿವ್ಯೂ ಬಂದ ದಿನ ಓದಿ ಮಡಿಸಿಡು, ಒಂದೆರಡು ದಿನ ಬಿಟ್ಟು ಮತ್ತೆ ಓದು. ಕಟುವಾದ ಮಾತಿನೊಳಗೂ ಒಂದು ಕೆಲಸಕ್ಕೆ ಬರುವ ಸಾಲು ಇರುತ್ತದೆ. ಅದನ್ನು ಹೆಕ್ಕಿಕೊಂಡು ಉಳಿದದ್ದನ್ನು ಬಿಡು. ನಿದ್ದೆ ಕೆಡಿಸಿಕೊಂಡು ಡೆಡ್‌ಲೈನ್ ಗೆಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಬೇಡ. ವಾರಕ್ಕೊಂದು ದಿನ ಪರದೆ ಮುಚ್ಚಿಡು. ಮನಸ್ಸು ಕುಗ್ಗಿ ಮೇಲೇಳದಿದ್ದರೆ ವೈದ್ಯರ ಬಳಿ ಹೋಗು, ನಮಗೆ ಫೋನ್ ಮಾಡು. ಯಾವ ಥೀಸಿಸ್ಸೂ ನಿನಗಿಂತ ದೊಡ್ಡದಲ್ಲ ಕಣಮ್ಮ.

ಕೊನೆಯದಾಗಿ, ನಿನ್ನ ಕನ್ನಡವನ್ನು ಬಂಡವಾಳವೆಂದೇ ತಿಳಿ. ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ವರ್ಣಮಾಲೆ ಕೂರುವಂತೆ ಕೀಲಿಮಣೆ ರೂಪಿಸಿದರು. ಎರಡು ವ್ಯಂಜನಗಳ ನಡುವೆ 'ಎಫ್' ಕೀಲಿ ಒತ್ತಿದರೆ ಒತ್ತಕ್ಷರ ತಾನಾಗಿ ಮೂಡುತ್ತದೆ. ಒತ್ತಕ್ಷರದ ಆಕಾರಗಳನ್ನು ಹುಡುಕಿ ಜೋಡಿಸುವ ಹೊರೆ ಬೆರಳಚ್ಚುಗಾರರ ಬೆರಳಿನಿಂದ ಯಂತ್ರಕ್ಕೆ ಹೋಯಿತು. ಕರ್ನಾಟಕ ಸರ್ಕಾರದ ಶಿಷ್ಟ ವಿನ್ಯಾಸ ಅದನ್ನೇ ಆಧರಿಸಿದೆ. ಎಚ್‌ಸಿಐ ಎಂದರೇನು ಎಂದು ಮನೆಯವರು ಮತ್ತೆ ಕೇಳಿದರೆ ಇದನ್ನೇ ತೋರಿಸು. ಅಂಥ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ. ಈಗ ಎಐ ಮೀಟಿಂಗುಗಳ ಟಿಪ್ಪಣಿ ಬರೆಯುತ್ತಿದೆ. ಹುಬ್ಬಳ್ಳಿಯ ಹುಡುಗ ಕನ್ನಡ, ಇಂಗ್ಲಿಷ್ ಬೆರೆಸಿ ಹೇಳಿದ ಒಳ್ಳೆಯ ಸಲಹೆ ಆ ಟಿಪ್ಪಣಿಯಲ್ಲಿ ಉಳಿಯಿತೇ, ಅಥವಾ ನಿರರ್ಗಳ ಇಂಗ್ಲಿಷ್ ಆಡಿದವರ ಮಾತಷ್ಟೇ ಉಳಿಯಿತೇ? ಆ ಪ್ರಶ್ನೆಯನ್ನು ಪರೀಕ್ಷಿಸಲು ಎರಡೂ ಭಾಷೆ ಬಲ್ಲ ಕಿವಿ ಬೇಕು. ನಿನಗೆ ಅದಿದೆ.

ಮೊದಲ ಸೆಮಿಸ್ಟರಿನಲ್ಲಿ ಒಂದು ಕೆಲಸ ಮಾಡು. ದೂರದಲ್ಲಿದ್ದುಕೊಂಡು ಕೂಡಿ ದುಡಿಯುವ ಒಂದು ಗುಂಪನ್ನು ಹುಡುಕು: ಸಂಗೀತದ ಮೇಷ್ಟರು ಮತ್ತು ಶಿಷ್ಯೆಯಾಗಲಿ, ಕನ್ನಡ ವಿಕಿಪೀಡಿಯಕ್ಕೆ ಬರೆಯುವ ಬಳಗವಾಗಲಿ, ಎರಡು ಊರುಗಳಲ್ಲಿ ಹಂಚಿಹೋದ ಒಂದು ಸಾಫ್ಟ್‌ವೇರ್ ತಂಡವಾಗಲಿ. ಅವರ ಅನುಮತಿ ಪಡೆದು ಜೊತೆಗಿರು, ನೋಡು, ಬರೆದುಕೊ. ಏನನ್ನೂ ಕಟ್ಟಬೇಡ, ಯಾವ ಸಲಹೆಯನ್ನೂ ಕೊಡಬೇಡ. ಆ ಕೆಲಸ ಸರಾಗವಾಗಿ ನಡೆಯಲಿ ಎಂದು ಯಾರು ಸದ್ದಿಲ್ಲದೆ ಹೆಚ್ಚು ದುಡಿಯುತ್ತಿದ್ದಾರೆ ಎಂಬುದನ್ನು ಮಾತ್ರ ಕಂಡುಹಿಡಿ. ಆ ಒಬ್ಬರ ದಿನವನ್ನು ಒಂದಿಷ್ಟು ಹಗುರ ಮಾಡುವುದು ಹೇಗೆ ಎಂಬುದೇ ನಿನ್ನ ಥೀಸಿಸಿನ ಪ್ರಶ್ನೆಯಾದರೆ, ಮುಂದೆ ನೀನು ಪ್ರಾಧ್ಯಾಪಕಿಯಾಗು, ಕಂಪನಿಯಲ್ಲಿ ಸಂಶೋಧಕಿಯಾಗು, ಸ್ವಂತ ಸಂಸ್ಥೆ ಕಟ್ಟು, ನಿನ್ನ ವಿದ್ಯೆ ಜನರಿಗೆ ಸಲ್ಲುತ್ತದೆ.

ಒಳ್ಳೆಯದಾಗಲಿ.

ಇಂತಿ,
ನಿನ್ನ ದೊಡ್ಡಪ್ಪ